ಕುಣಿಗಲ್ಲಿನ ಸ್ಲೈಡು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ತುಮಕೂರಿನ ಯಾವ ಲ್ಯಾಬಿಗೆ ಹೋಗಿ ನನ್ನ ಬಗ್ಗೆ ಕೇಳಿದರೂ, "ಅವ್ರಾ? ಕೆಲ್ಸ ಚೆನ್ನಾಗ್ ಮಾಡ್ತಾರೆ, ಬಾಯಿ ಮಾತ್ರ ಅಬ್ಬಬ್ಬ" ಎನ್ನುತ್ತಾರೆ. ಇಪ್ಪತ್ತೇಳು ವರ್ಷದಿಂದ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಟೆಕ್ನಿಷಿಯನ್ ಆಗಿದ್ದೇನೆ. ನನ್ನ ಹತ್ತಿರ ಕಲಿತವರು ಗುಬ್ಬಿ, ಕುಣಿಗಲ್, ಚೇಳೂರು ಅಂತ ಎಲ್ಲೆಲ್ಲೂ ಇದ್ದಾರೆ. ಅವರೆಲ್ಲ ನನ್ನಿಂದ ಬೈಸಿಕೊಂಡಿರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ, ಸ್ಲೈಡ್ ನೋಡದೆ ರಿಪೋರ್ಟ್ ಕೊಟ್ಟಿದ್ದಕ್ಕೆ.

ಸ್ಲೈಡ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ರಕ್ತ ಇಟ್ಟು, ಇನ್ನೊಂದು ಗಾಜಿನ ಅಂಚಿನಿಂದ ಅದನ್ನು ತೆಳ್ಳಗೆ ಎಳೆದು, ಬಣ್ಣ ಹಾಕಿ, ತೊಳೆದು, ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡುವುದು. ಈಗ ರಕ್ತಕಣ ಎಣಿಸುವುದಕ್ಕೆ ಯಂತ್ರ ಬಂದಿದೆ. ಒಂದು ನಿಮಿಷಕ್ಕೆ ಇಷ್ಟುದ್ದ ಚೀಟಿ ಉಗುಳುತ್ತದೆ. ಆದರೆ ಯಂತ್ರ ಎಣಿಸುತ್ತದೆಯೇ ಹೊರತು ಮುಖ ನೋಡಿ ಗುರುತು ಹಿಡಿಯುವುದಿಲ್ಲ. ಅನುಮಾನ ಬಂದರೆ ಕೆಳಗೆ ಸಣ್ಣ ಅಕ್ಷರದಲ್ಲಿ 'ಸ್ಲೈಡ್ ನೋಡುವುದು' ಎಂದು ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳುತ್ತದೆ. ಆ ಸಾಲನ್ನು ಓದದೆ ರುಜು ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. "ಶಿವ ಕಣ್ಣು ಯಾಕ್ ಕೊಟ್ಟವ್ನೆ? ಹಣೆ ಕೆಳಗೆ ಅಲಂಕಾರಕ್ಕಾ?" ಎಂದು ಎಷ್ಟು ಜನಕ್ಕೆ ಕೇಳಿದ್ದೇನೋ ಲೆಕ್ಕವಿಲ್ಲ.

ನನ್ನ ಅಕ್ಕ ಇರುವುದು ಗುಬ್ಬಿಯಲ್ಲಿ. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬಳೇ ಮಗಳು, ಇಪ್ಪತ್ತಾರು ವರ್ಷದವಳು, ಸರ್ಕಾರಿ ಬಸ್ಸಿನ ಕಂಡಕ್ಟರ್. ತುಮಕೂರು ಕುಣಿಗಲ್ ನಡುವೆ ಅವಳ ರೂಟು. ಫುಟ್‌ಬೋರ್ಡಿನಲ್ಲಿ ನೇತಾಡುವ ಗಂಡಸರು ಅವಳ ಒಂದು ಕೂಗಿಗೆ ಒಳಗೆ ಸರಿಯುತ್ತಾರೆ. "ಹುಟ್ಟಿದ್ದು ನನ್ ಹೊಟ್ಟೇಲಿ, ಬಾಯಿ ಮಾತ್ರ ನಿಂದು ಕಣೇ" ಎಂದು ಅಕ್ಕ ನನ್ನನ್ನು ಬೈಯುತ್ತಿರುತ್ತಾಳೆ. ನನಗೆ ಮಕ್ಕಳಿಲ್ಲ. ಆ ಮಾತು ಬೈಗುಳವೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ನಮ್ಮ ಬಳಗದಲ್ಲಿ ಒಂದು ಪದ್ಧತಿ ಇದೆ. ಯಾರದೇ ರಕ್ತ ಪರೀಕ್ಷೆಯಾದರೂ ರಿಪೋರ್ಟಿನ ಫೋಟೋ ಡಾಕ್ಟರಿಗಿಂತ ಮುಂಚೆ ನನ್ನ ಮೊಬೈಲಿಗೆ ಬರುತ್ತದೆ. ನಾದಿನಿಯ ಸಕ್ಕರೆ, ಸೋದರಮಾವನ ಕೊಬ್ಬು, ಪಕ್ಕದ ಮನೆಯ ಬಾಣಂತಿಯ ಥೈರಾಯ್ಡು, ಎಲ್ಲಕ್ಕೂ ತೀರ್ಪು ನನ್ನದೇ. ನಾನೂ ಮದುವೆ ಮನೆಯಲ್ಲಿ ನಿಂತು, ಬಸ್ಸಿಗೆ ಕಾಯುತ್ತಾ, ಒಲೆಯ ಮುಂದೆ ಕೂತು, ಒಂದು ನಿಮಿಷದಲ್ಲಿ ಹೇಳಿಬಿಡುತ್ತೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಲ್ಯಾಬಿನಲ್ಲಿ ಬೇರೆಯವರಿಗೆ ಹಾಕುವ ಕಟ್ಟಳೆ ನನ್ನ ಮೊಬೈಲಿಗೆ ಅನ್ವಯಿಸುತ್ತದೆ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಆ ವರ್ಷ ಮಳೆ ಹಿಡಿದದ್ದೇ ತಡ, ಊರ ತುಂಬ ಡೆಂಗಿ. ಜ್ವರದವರ ಸಾಲು ನಮ್ಮ ಲ್ಯಾಬಿನ ಬಾಗಿಲು ದಾಟಿ ಮೆಟ್ಟಿಲ ತನಕ ನಿಂತಿರುತ್ತಿತ್ತು. ಎಲ್ಲರ ಬಾಯಲ್ಲೂ ಪ್ಲೇಟ್‌ಲೆಟ್ಟಿನದೇ ಮಾತು. ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾದ ಈ ಪುಟ್ಟ ಕಣಗಳು ಡೆಂಗಿಯಲ್ಲಿ ಇಳಿಯುತ್ತವೆ. ಅವನ್ನು ಏರಿಸಲು ಮನೆಮನೆಯಲ್ಲೂ ಪರಂಗಿ ಎಲೆಯ ರಸ ಹಿಂಡುತ್ತಿದ್ದರು. ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಪರಂಗಿ ಗಿಡಗಳೆಲ್ಲ ಬೋಳಾಗಿ ನಿಂತಿದ್ದವು.

ಒಂದು ಶುಕ್ರವಾರ ಸಂಜೆ ನಾನು ಅಕ್ಕಿ ರೊಟ್ಟಿ ತಟ್ಟುತ್ತಿದ್ದಾಗ ಅಕ್ಕನ ಮಗಳ ಮೆಸೇಜ್ ಬಂತು. ಒಂದು ಫೋಟೋ, ಜೊತೆಗೆ ಅವಳ ಧ್ವನಿ. "ಚಿಕ್ಕಮ್ಮ, ಮೂರ್ ದಿನದಿಂದ ಜ್ವರ, ಸುಸ್ತು. ಕುಣಿಗಲ್ಲಲ್ಲಿ ಬಸ್ಸು ಅರ್ಧ ಗಂಟೆ ನಿಲ್ತದಲ್ಲ, ಸ್ಟ್ಯಾಂಡ್ ಪಕ್ಕದ ಲ್ಯಾಬಲ್ಲಿ ರಕ್ತ ಕೊಟ್ಟಿದ್ದೆ. ಏನಿದೆ ನೋಡಿ ಹೇಳು."

ಕೈಯೆಲ್ಲ ಹಿಟ್ಟು. ಕಿರುಬೆರಳಿನಿಂದ ಫೋಟೋ ತೆರೆದೆ. ಪ್ಲೇಟ್‌ಲೆಟ್ ನಲವತ್ತೆರಡು ಸಾವಿರ, ಬಿಳಿ ಕಣ ಕಡಿಮೆ. ಹಿಮೋಗ್ಲೋಬಿನ್ ಕೂಡ ಎಂಟೂವರೆ. ನಮ್ಮ ಹೆಣ್ಣುಮಕ್ಕಳಿಗೆ ಅದು ಯಾವತ್ತು ಸರಿ ಇರುತ್ತದೆ ಅಂದುಕೊಂಡೆ. "ಡೆಂಗಿ ಕಣೇ. ನಲವತ್ತರ ಮೇಲಿದೆ, ಗಾಬರಿ ಬೀಳ್ಬೇಡ. ನೀರು ಜಾಸ್ತಿ ಕುಡಿ. ಭಾನುವಾರ ನನ್ನ ಡ್ಯೂಟಿ ಇದೆ, ಬಾ, ಇನ್ನೊಂದ್ಸಲ ನೋಡಣ" ಎಂದು ಹೇಳಿ ರೊಟ್ಟಿ ಮಗುಚಿದೆ.

ಡೆಂಗಿಯಲ್ಲಿ ರಕ್ತ ಮಂದವಾಗುತ್ತದೆ, ಹಿಮೋಗ್ಲೋಬಿನ್ ಏರುವುದೇ ಹೆಚ್ಚು. ಇದನ್ನು ನಾನೇ ಎಷ್ಟು ಜನಕ್ಕೆ ಪಾಠ ಹೇಳಿದ್ದೇನೆ! ಆ ಫೋಟೋದ ಕೆಳತುದಿಯಲ್ಲಿ ಸ್ಲೈಡ್ ನೋಡುವುದು ಎಂಬ ಸಾಲೂ ಇತ್ತು. ಕಿರುಬೆರಳಿನಿಂದ ಇನ್ನೊಂದು ಚೂರು ಮೇಲೆ ತಳ್ಳಿದ್ದರೆ ಕಾಣುತ್ತಿತ್ತು. ತಳ್ಳಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ನಾನು ಬಿದ್ದದ್ದು ರೊಟ್ಟಿಯ ಹೆಂಚಿನ ಮುಂದೆ.

ಚಿಕ್ಕಮ್ಮ ಗಾಬರಿ ಇಲ್ಲ ಅಂದಳಲ್ಲ ಎಂದು ಆ ಹುಡುಗಿ ಶನಿವಾರ ಡ್ಯೂಟಿಗೂ ಹೋದಳು. ಬೆಳಿಗ್ಗೆ ತಲೆ ಬಾಚುವಾಗ ಅವಳ ತೋಳಿನ ಮೇಲೆ, ಸೊಂಟದ ಹತ್ತಿರ ನೀಲಿ ಕಲೆಗಳನ್ನು ಅಕ್ಕ ನೋಡಿದ್ದಳಂತೆ. "ಇದೇನೇ ಇಷ್ಟಗ್ಲ ಕಂದೈತೆ?" ಎಂದು ಕೇಳಿದ್ದಕ್ಕೆ, "ಬಸ್ಸಲ್ಲಿ ಕಂಬಿ, ಸೀಟು ತಗುಲ್ತಾನೇ ಇರುತ್ತೆ ಕಣಮ್ಮ, ನಮ್ಮ ಡಿಪೋದಲ್ಲಿ ಎಲ್ರಿಗೂ ಇದೆ" ಎಂದಳಂತೆ. ಎರಡು ಲೋಟ ಪರಂಗಿ ರಸ ಕುಡಿದು, ಅದರ ಕಹಿಗೆ ನನ್ನನ್ನು ಶಪಿಸಿ, ಬಸ್ಸು ಹತ್ತಿದಳು.

ಭಾನುವಾರ ಬೆಳಿಗ್ಗೆ ಅಕ್ಕ ಅವಳನ್ನು ಲ್ಯಾಬಿಗೆ ಕರೆತಂದಳು. ಹುಡುಗಿ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಳು. ಹಲ್ಲುಜ್ಜಿದಾಗ ಶುರುವಾದ ರಕ್ತ ನಿಂತೇ ಇಲ್ಲವಂತೆ. ನಾನೇ ಕೂರಿಸಿಕೊಂಡು ತೋಳಿನಿಂದ ರಕ್ತ ತೆಗೆದು, ಹತ್ತಿ ಒತ್ತಿ ಹಿಡಿದೆ. ಐದು ನಿಮಿಷ ಆಯಿತು, ಹತ್ತು ನಿಮಿಷ ಆಯಿತು, ಹತ್ತಿ ತೆಗೆದರೆ ಮತ್ತೆ ಜಿನುಗುತ್ತಿದೆ. ಯಂತ್ರಕ್ಕೆ ಹಾಕಿದರೆ ಪ್ಲೇಟ್‌ಲೆಟ್ ಹನ್ನೊಂದು ಸಾವಿರಕ್ಕೆ ಇಳಿದಿತ್ತು.

ಸ್ಲೈಡ್ ಎಳೆದೆ. ಬಣ್ಣ ಹಿಡಿಯಲು ಹತ್ತು ಹನ್ನೆರಡು ನಿಮಿಷ ಬೇಕು. ಇಪ್ಪತ್ತೇಳು ವರ್ಷದಲ್ಲಿ ಆ ಹತ್ತು ನಿಮಿಷ ನನಗೆ ಟೀ ಕುಡಿಯುವ ಹೊತ್ತಾಗಿತ್ತು. ಅವತ್ತು ಗೋಡೆ ಗಡಿಯಾರದ ಮುಂದೆ ನಿಂತು, ಶಿವನೇ ಡೆಂಗಿಯೇ ಆಗಿರಲಿ, ಡೆಂಗಿಯೇ ಆಗಿರಲಿ ಎಂದು ಒಂದೇ ಸಮನೆ ಬೇಡಿಕೊಂಡೆ.

ಕಂಡಿದ್ದು ಬೇರೆ. ಕೆಂಪು ಕಣಗಳ ನಡುವೆ, ಸ್ಲೈಡಿನ ಅಂಚಿನ ಕಡೆ, ಇರಬಾರದ ಒಂದು ದೊಡ್ಡ ಕಣ. ಮೈತುಂಬ ನೇರಳೆ ಕಾಳುಗಳು. ಕಾಳುಗಳ ಮೇಲೆ ಕೆಂಪಗಿನ ಸಣ್ಣ ಸಣ್ಣ ಕಡ್ಡಿಗಳು, ಒಂದರ ಮೇಲೊಂದು, ಯಾರೋ ಕಟ್ಟಿಟ್ಟ ಸೌದೆ ಹೊರೆಯ ಹಾಗೆ. ಹೇಳಬಾರದು, ಆದರೆ ನಿಜ ಹೇಳುತ್ತೇನೆ: ಮೊದಲ ಕ್ಷಣ ಅದು ನನಗೆ ಚೆಂದ ಕಂಡಿತು. ಕಲಿಯುವಾಗ ಪುಸ್ತಕದ ಚಿತ್ರದಲ್ಲಿ ನೋಡಿದ್ದು, ಮುಂದೆಂದಾದರೂ ಕಣ್ಣಾರೆ ಕಾಣುತ್ತೇನಾ ಎಂದು ಆಸೆಪಟ್ಟಿದ್ದು. ಮರುಕ್ಷಣ ಇದು ಯಾರ ರಕ್ತ ಎನ್ನುವುದು ನೆನಪಾಯಿತು.

ಅದೊಂದು ಬಗೆಯ ರಕ್ತದ ಕ್ಯಾನ್ಸರ್. ಮೂಳೆಯೊಳಗೆ ಹುಟ್ಟುವ ಬಿಳಿ ಕಣಗಳು ಅರ್ಧ ಬೆಳೆದು ಅಲ್ಲೇ ನಿಂತುಬಿಡುತ್ತವೆ. ಒಡೆದಾಗ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತವೆ. ವಸಡಿನಲ್ಲಿ ಸುರಿಯುವ ರಕ್ತ ಮಿದುಳಿನಲ್ಲೂ ಸುರಿಯಬಹುದು. ಸುರಿದರೆ ಅಲ್ಲಿಗೆ ಮುಗಿಯಿತು, ದಿನಗಳೂ ಬೇಡ, ಗಂಟೆಗಳು ಸಾಕು. ಈ ಹುಡುಗಿಯನ್ನು ನಾನು ನೀರು ಕುಡಿ ಎಂದು ಎರಡು ದಿನ ಹಾಗೇ ಬಿಟ್ಟಿದ್ದೆ.

ನಮ್ಮ ಲ್ಯಾಬಿನ ಡಾಕ್ಟರ್ ಮೇಡಂ ಆವತ್ತು ಊರಲ್ಲಿರಲಿಲ್ಲ, ಫೋನೂ ಸಿಗಲಿಲ್ಲ. ಆಗ ನೆನಪಾದದ್ದು ಆ ಮೊಬೈಲ್ ಗುಂಪು. ಹಿಂದಿನ ವರ್ಷ ಬೆಂಗಳೂರಿನಿಂದ ಒಬ್ಬ ರಕ್ತರೋಗ ತಜ್ಞರು ಬಂದು, ಜಿಲ್ಲೆಯ ಲ್ಯಾಬಿನವರನ್ನೆಲ್ಲ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿ, "ಅನುಮಾನ ಬಂದ್ರೆ ಮೈಕ್ರೋಸ್ಕೋಪಿಗೆ ಮೊಬೈಲ್ ಇಟ್ಟು ಫೋಟೋ ತೆಗ್ದು ಹಾಕಿ, ನಾವ್ ನೋಡ್ತೀವಿ" ಎಂದಿದ್ದರು. ಮೂವತ್ತೈದು ದಾಟದ ಹುಡುಗ. ಇವನೇನು ನನಗೆ ಹೇಳಿಕೊಡುವುದು ಎಂದು ನಾನು ಆ ಗುಂಪಿನ ಸದ್ದನ್ನೇ ಬಂದ್ ಮಾಡಿಟ್ಟಿದ್ದೆ. ಈಗ ಮೊಬೈಲನ್ನು ಮೈಕ್ರೋಸ್ಕೋಪಿನ ಕಣ್ಣಿಗೆ ಹಿಡಿದೆ. ಅದು ಸುಲಭವಲ್ಲ, ಕೂದಲೆಳೆಯಷ್ಟು ಅಲುಗಿದರೂ ಬರೀ ಕತ್ತಲೆ ಬರುತ್ತದೆ. ಏಳನೆಯ ಸಲಕ್ಕೆ ಸೌದೆ ಹೊರೆ ನಿಚ್ಚಳವಾಗಿ ಬಂತು. ಹಾಕಿದೆ.

ಮೂರು ನಿಮಿಷದಲ್ಲಿ ಫೋನು. "ಮೇಡಂ, ಸೆಲೂನ್ ಕುರ್ಚಿಯಲ್ಲಿದ್ದೀನಿ, ಅರ್ಧ ಮುಖಕ್ಕೆ ನೊರೆ ಇದೆ, ತಪ್ಪು ತಿಳ್ಕೋಬೇಡಿ. ಇದು ನೀವು ಅಂದ್ಕೊಂಡಿರೋದೇ. ಎಂಥಾ ಫೋಟೋ ತೆಗ್ದಿದೀರಿ! ಪೇಷಂಟ್ ಎಲ್ಲಿದ್ದಾರೆ?"

"ನನ್ನ ಎದುರಿಗೇ ಇದ್ದಾಳೆ ಸಾರ್. ನನ್ನ ಅಕ್ಕನ ಮಗಳು."

ಈಗ ಆ ಕಡೆಯ ಧ್ವನಿಯಲ್ಲಿ ಹುಡುಗತನ ಇರಲಿಲ್ಲ. "ಹಾಗಿದ್ರೆ ಕೇಳಿ ಅಮ್ಮ. ಇದಕ್ಕೊಂದು ಕ್ಯಾಪ್ಸೂಲ್ ಇದೆ. ಖಚಿತ ಆಗೋ ತನಕ ಕಾಯೋ ಹಾಗಿಲ್ಲ, ಅನುಮಾನ ಬಂದ ಗಳಿಗೆಯಲ್ಲೇ ಕೊಡ್ಬೇಕು. ನಮ್ಮಲ್ಲಿ ಬೆಡ್ ನಾಳೆ ಬೆಳಿಗ್ಗೆ ಸಿಗುತ್ತೆ. ಅಲ್ಲೀ ತನಕ ಅಲ್ಲೇ ಪ್ಲೇಟ್‌ಲೆಟ್ ಹಾಕ್ಸಿ, ಪ್ಲಾಸ್ಮಾ ಹಾಕ್ಸಿ. ನಿಮ್ಮ ಡ್ಯೂಟಿ ಡಾಕ್ಟರ್ ಹತ್ರ ನಾನೇ ಮಾತಾಡ್ತೀನಿ."

ತುಮಕೂರಿನಲ್ಲಿ ಆ ಕ್ಯಾಪ್ಸೂಲ್ ಎಲ್ಲೂ ಸಿಗಲಿಲ್ಲ. ಬೆಂಗಳೂರಿನ ಅವರ ಆಸ್ಪತ್ರೆಯಲ್ಲಿತ್ತು. ಹೇಗೆ ತರಿಸುವುದು ಎಂದು ನಾನೂ ಅಕ್ಕನೂ ಬಾಯಿ ಬಿಟ್ಟುಕೊಂಡು ನಿಂತಿದ್ದಾಗ, ವಾರ್ಡಿನ ಮಂಚದ ಮೇಲೆ ಮಲಗಿದ್ದವಳು ಕರವಸ್ತ್ರ ಸರಿಸಿ, "ಮೊಬೈಲ್ ಕೊಡು" ಎಂದು ತನ್ನ ಡಿಪೋಗೆ ಫೋನ್ ಹಚ್ಚಿದಳು. "ಅಣ್ಣ, ಬೆಂಗ್ಳೂರಿಂದ ಯಾವ್ ಗಾಡಿ ಬಿಡ್ತಿದೆ ಈಗ? ಒಂದು ಸಣ್ಣ ಪಾರ್ಸಲ್ ಇದೆ, ಡ್ರೈವರ್ ಕೈಗೇ ಕೊಡ್ಸ್ತಾರೆ. ನಡುವೆ ಟೀಗೀ ಅಂತ ನಿಲ್ಸಬೇಡ ಅಂತ ಹೇಳು." ಎರಡು ಗಂಟೆಯೊಳಗೆ ಖಾಕಿ ಬಟ್ಟೆಯ ಡ್ರೈವರ್ ಒಬ್ಬರು ಬಸ್ ಸ್ಟ್ಯಾಂಡಿನಿಂದ ಏದುಸಿರು ಬಿಡುತ್ತಾ ಬಂದು ನನ್ನ ಕೈಗೆ ಪೊಟ್ಟಣ ಇಟ್ಟರು. ಒಳಗೆ ಮೆತ್ತನೆಯ ಸಣ್ಣ ಕ್ಯಾಪ್ಸೂಲುಗಳು. ಎರಡು ತುತ್ತು ಮೊಸರನ್ನ ತಿನ್ನಿಸಿ ನುಂಗಿಸಿದೆವು.

ಅಷ್ಟರಲ್ಲಿ ನನ್ನ ಮೊಬೈಲು ಒಂದೇ ಸಮನೆ ಮಿಣುಕುತ್ತಿತ್ತು. ಆ ಡಾಕ್ಟರು ತಮ್ಮ ಜೊತೆಗಾರರನ್ನೂ ಆ ಗುಂಪಿಗೆ ಸೇರಿಸಿ ಫೋಟೋ ತೋರಿಸಿದ್ದರು. ಚೆನ್ನೈನಿಂದ ಒಬ್ಬರು, ಪುಣೆಯಿಂದ ಒಬ್ಬರು, ಇನ್ನೊಬ್ಬರು ಎಲ್ಲೋ ಸಮುದ್ರದಾಚೆ, ಅವರಿಗಿನ್ನೂ ಬೆಳಕೇ ಹರಿದಿಲ್ಲವಂತೆ. ಬಿಳಿ ಕಣ ಎಷ್ಟಿದೆ, ಹೆಪ್ಪುಗಟ್ಟುವ ಪರೀಕ್ಷೆ ಏನಾಯಿತು, ಮೊದಲ ಗುಳಿಗೆ ಕೊಟ್ಟಾಯಿತಾ ಎಂದು ಒಬ್ಬರ ಹಿಂದೊಬ್ಬರು ಕೇಳುತ್ತಿದ್ದರು. ಅವರಲ್ಲಿ ಒಬ್ಬರೂ ಗುಬ್ಬಿ ಎಂಬ ಊರಿನ ಹೆಸರು ಕೇಳಿದವರಲ್ಲ. ಅಷ್ಟು ದೂರದಲ್ಲಿ ಅಷ್ಟು ಜನ ಭಾನುವಾರದ ಕೆಲಸ ಬಿಟ್ಟು ನನ್ನ ಅಕ್ಕನ ಮಗಳ ಒಂದು ರಕ್ತಕಣವನ್ನು ದಿಟ್ಟಿಸಿ ನೋಡುತ್ತಿದ್ದರು. ನಾನು ಸದ್ದು ಬಂದ್ ಮಾಡಿಟ್ಟಿದ್ದ ಗುಂಪು ಇದು! ಲ್ಯಾಬಿನ ಮೂಲೆಯಲ್ಲಿ ನಿಂತು ಸೆರಗು ಕಚ್ಚಿಕೊಂಡು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಬೆಂಗಳೂರಿಗೆ ಹೋದೆವು. ಆ ಡಾಕ್ಟರು ಬಾಗಿಲಲ್ಲೇ ಕಾದಿದ್ದರು. ವಾರ್ಡಿನಲ್ಲಿ ಅವಳ ಪಕ್ಕ ಕೂತು, ಯಾವಾಗ ಶುರುವಾಯಿತು, ಏನು ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳತೊಡಗಿದರು. ನಾನು ಬಾಗಿಲ ಹತ್ತಿರವೇ ನಿಂತುಬಿಟ್ಟೆ. ಒಳಗೆ ಹೋಗಿ ನಾನೇ ಹೇಳಬೇಕಿತ್ತು. ಹೋಗಲಿಲ್ಲ.

ಎರಡು ದಿನದಲ್ಲಿ ಜೀನಿನ ಪರೀಕ್ಷೆಯೂ ನನ್ನ ಸ್ಲೈಡಿನ ಮಾತನ್ನೇ ಹೇಳಿತು. ರಕ್ತನಾಳಕ್ಕೆ ಹಾಕುವ ಇನ್ನೊಂದು ಔಷಧಿ ಶುರುಮಾಡುತ್ತೇವೆ ಎಂದರು. ಹೆಸರು ಕೇಳಿ ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಆರ್ಸೆನಿಕ್.

"ಪಾಷಾಣಾನಾ ಸಾರ್?"

"ಹೌದಮ್ಮ, ಪಾಷಾಣಾನೇ."

ಅಕ್ಕ ಕೂತಲ್ಲಿಂದ ಎದ್ದೇಬಿಟ್ಟಳು. "ಏನು? ಇಲಿಗೆ ಇಡೋದಾ? ನನ್ ಮಗೀಗೆ ಪಾಷಾಣ ಹಾಕ್ತೀರಾ?" ಅವಳ ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಅವಳನ್ನು ಕೂರಿಸಿ, ಆ ಡಾಕ್ಟರು ತಾವೂ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. ಚೀನಾ ದೇಶದಲ್ಲಿ ನಾಟಿ ಔಷಧಿಯಲ್ಲಿ ಇದನ್ನು ಬಳಸುತ್ತಿದ್ದರಂತೆ. ಅಲ್ಲಿನ ವೈದ್ಯರು ಅದರಲ್ಲಿ ಕೆಲಸ ಮಾಡುವುದು ಈ ಪಾಷಾಣವೇ ಎಂದು ಗುರುತು ಹಿಡಿದರು. ಕ್ಯಾಪ್ಸೂಲಿನ ದಾರಿ ತೋರಿಸಿದವರಲ್ಲಿ ಚೀನಾದವರೂ ಇದ್ದರು, ಫ್ರಾನ್ಸಿನವರೂ ಇದ್ದರು. ಯುರೋಪಿನವರು ಎರಡನ್ನೂ ಜೊತೆಯಾಗಿ ಕೊಟ್ಟು ನೋಡಿದರು. ನಮ್ಮ ದೇಶದ ವೈದ್ಯರೂ ಪಾಷಾಣದಿಂದಲೇ ಎಷ್ಟೋ ಜನರನ್ನು ಉಳಿಸಿ ಅದನ್ನು ಲೋಕಕ್ಕೆ ತಿಳಿಸಿದರು. "ನಮ್ಮ ಮೇಷ್ಟ್ರುಗಳ ಕಾಲದಲ್ಲಿ ಎಲ್ಲಾ ಬ್ಲಡ್ ಕ್ಯಾನ್ಸರ್‌ಗಿಂತ ಇದಕ್ಕೇ ಹೆದರ್ತಾ ಇದ್ರು. ಈಗ ಇದೇ ಬಂದ್ರೆ, ಟೈಮಿಗೆ ಬಂದ್ರೆ, ನಮಗೆ ಧೈರ್ಯ" ಎಂದರು.

ಟೈಮಿಗೆ ಬಂದರೆ. ಆ ಮಾತು ನನಗೆ ನಾಟಿದ್ದು ಅವರಿಗೆ ಗೊತ್ತಾಗಲಿಲ್ಲ.

ದಿನಾ ಎರಡು ಗಂಟೆ ಹೊತ್ತು, ನೀರಿನಂತೆ ತಿಳಿಯಾದ ಆ ಪಾಷಾಣ ತೊಟ್ಟು ತೊಟ್ಟಾಗಿ ಅವಳ ಮೈಗೆ ಇಳಿಯುತ್ತಿತ್ತು. ಅಕ್ಕ ಪ್ರತಿ ತೊಟ್ಟಿಗೂ ಶಿವ ಶಿವ ಎನ್ನುತ್ತಾ ಬಾಟಲಿಯನ್ನೇ ನೋಡುತ್ತಿದ್ದಳು. ಐದನೆಯ ದಿನ ಹುಡುಗಿಗೆ ಮತ್ತೆ ಜ್ವರ ಏರಿ ಉಸಿರು ಸಿಕ್ಕಿಕೊಂಡಿತು. ಔಷಧಿ ಕೆಲಸ ಶುರುಮಾಡಿದಾಗ ಹೀಗೂ ಆಗುವುದುಂಟಂತೆ. ಡಾಕ್ಟರು ಮೊದಲೇ ಎಚ್ಚರಿಸಿದ್ದರೂ ಆ ಮಧ್ಯಾಹ್ನ ನಾನು ಅಕ್ಕನ ಮುಖ ನೋಡಲಾರದೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಇವಳು ಹೋದರೆ ಕೊಂದದ್ದು ಕಾಯಿಲೆಯಲ್ಲ, ನಾನು ಎಂದು ಅನ್ನಿಸಿತು. ಇಂಜೆಕ್ಷನ್ ಕೊಟ್ಟು ಎರಡು ದಿನದಲ್ಲಿ ಉಸಿರನ್ನು ಹತೋಟಿಗೆ ತಂದರು.

ಎರಡನೆಯ ವಾರ ಆ ಡಾಕ್ಟರು ನನ್ನನ್ನು ತಮ್ಮ ಲ್ಯಾಬಿಗೆ ಕರೆದರು. "ಬನ್ನಿ ಅಮ್ಮ, ನೀವು ನೋಡ್ಲೇಬೇಕಾದ್ದು ಒಂದಿದೆ" ಎಂದು ಅವತ್ತಿನ ಅವಳ ಸ್ಲೈಡನ್ನು ಇಟ್ಟರು. ನಾನು ಕಣ್ಣಿಟ್ಟೆ. ಅದೇ ಕಣಗಳು, ಅದೇ ಕಡ್ಡಿಗಳು. ಆದರೆ ಕಣ ಸತ್ತಿರಲಿಲ್ಲ, ಬೆಳೆದಿತ್ತು! ಒಂದೇ ಮುದ್ದೆಯಾಗಿದ್ದ ಅದರ ನಡುಭಾಗ ಈಗ ಎರಡು ಮೂರು ಎಸಳಾಗಿ ಬಿಡಿಸಿಕೊಂಡಿತ್ತು, ನೆಟ್ಟಗಿರುವ ಯಾವುದೇ ಬಿಳಿ ಕಣದ ಹಾಗೆ. ಒಳಗೆ ಒಂದು ಕಡ್ಡಿ ಮಾತ್ರ ಹಳೆಯ ಗುರುತಾಗಿ ಉಳಿದಿತ್ತು.

"ನಾವು ಅದನ್ನ ಕೊಲ್ತಾ ಇಲ್ಲ. ಅರ್ಧಕ್ಕೆ ನಿಂತಿದ್ದನ್ನ ಬೆಳೆಯೋಕೆ ಬಿಡ್ತಾ ಇದೀವಿ. ಬೆಳೆದ ಮೇಲೆ ಅದರ ಆಯಸ್ಸು ಮುಗಿಸಿ ಅದೇ ಹೋಗುತ್ತೆ."

ಇಪ್ಪತ್ತೇಳು ವರ್ಷ ರಕ್ತ ನೋಡಿದ್ದೇನೆ; ಕೆಟ್ಟಿದ್ದು ಕೆಟ್ಟೇ ಹೋಗುವುದನ್ನು ನೋಡಿದ್ದೇನೆ. ಕೆಟ್ಟ ಕಣವೊಂದು ತಿದ್ದಿಕೊಂಡು ದೊಡ್ಡದಾಗುವುದನ್ನು ಕಂಡಿರಲಿಲ್ಲ. ಒಂದು ಬೈಗುಳವಿಲ್ಲ, ಹೊಡೆತವಿಲ್ಲ. ಎಷ್ಟು ಹೊತ್ತು ನೋಡಿದೆನೋ, ಕಣ್ಣು ತೆಗೆದಾಗ ಕತ್ತು ಹಿಡಿದುಕೊಂಡಿತ್ತು. ಪಕ್ಕದಲ್ಲಿ ಆ ಡಾಕ್ಟರು ಸುಮ್ಮನೆ ಕೈಕಟ್ಟಿ ನಿಂತಿದ್ದರು. ನೂರಾರು ಸಲ ನೋಡಿದ್ದರೂ ಅವರ ಮುಖದಲ್ಲೂ ಅದೇ ಬೆರಗು ಇತ್ತು.

ಏಳೆಂಟು ತಿಂಗಳು ಔಷಧಿ ನಡೆಯಿತು. ಒಂದು ತಿಂಗಳು ವಾರಕ್ಕೆ ಐದು ದಿನ ಪಾಷಾಣ, ಮುಂದಿನ ತಿಂಗಳು ಬಿಡುವು, ಹೀಗೆ. ಕೂದಲು ಉದುರಲಿಲ್ಲ, ಬಾಯಿಯೂ ಕಡಿಮೆಯಾಗಲಿಲ್ಲ. ನರ್ಸುಗಳಿಗೆಲ್ಲ ಟಿಕೆಟ್ ಕೊಡುವವಳ ಹಾಗೆ ಕೂಗು ಹಾಕುತ್ತಿದ್ದಳು. ಕೊನೆಗೆ ಜೀನಿನ ಪರೀಕ್ಷೆಯಲ್ಲಿ ಕಾಯಿಲೆಯ ಗುರುತು ಒಂದಿಷ್ಟೂ ಕಾಣುತ್ತಿಲ್ಲ ಎಂದು ಬಂತು. ಅಕ್ಕ ಆಸ್ಪತ್ರೆಯ ಕಾರಿಡಾರಿನಲ್ಲೇ ಆ ಡಾಕ್ಟರ ಕಾಲಿಗೆ ಬೀಳಲು ಹೋದಳು. ಅವರು ಹೌಹಾರಿ ಹಿಂದೆ ಜಿಗಿದರು.

ಈ ಎಂಟು ತಿಂಗಳಲ್ಲಿ ಅಕ್ಕನಾಗಲಿ, ಮಗಳಾಗಲಿ, ಆ ಶುಕ್ರವಾರದ ನನ್ನ ಮಾತನ್ನು ಒಂದು ಸಲವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ವಾಸಿಯಿತ್ತು. ನಾನೂ ಎತ್ತಲಿಲ್ಲ.

ಡಾಕ್ಟರು ಒಂದು ದಿನ ಫೋನ್ ಮಾಡಿ, ತುಮಕೂರಿನಲ್ಲಿ ಲ್ಯಾಬಿನವರ ಸಭೆ ಮಾಡುತ್ತೇನೆ, ಈ ಕೇಸನ್ನು ನೀವೇ ಹೇಳಬೇಕು ಎಂದರು. "ಮೊದಲ ದಿನದ ಸ್ಲೈಡ್ ಎಲ್ಲಾದ್ರೂ ಸಿಕ್ರೆ ತುಂಬಾ ಉಪಯೋಗ. ಎಷ್ಟು ಬೇಗ ಹಿಡೀಬಹುದಿತ್ತು ಅಂತ ಗೊತ್ತಾಗುತ್ತೆ."

ನಾನು ಕುಣಿಗಲ್ಲಿಗೆ ಹೋದೆ. ಬಸ್ ಸ್ಟ್ಯಾಂಡ್ ಪಕ್ಕದ ಆ ಪುಟ್ಟ ಲ್ಯಾಬಿನವನು ಹಿಂದೆ ನನ್ನ ಹತ್ತಿರವೇ ಕಲಿತವನು, ಈಗ ಎರಡು ಮಕ್ಕಳ ತಂದೆ. ನನ್ನನ್ನು ಬಾಗಿಲಲ್ಲಿ ಕಂಡೊಡನೆ ಅವನ ಮುಖ ಬಿಳಿಚಿಕೊಂಡಿತು. "ಅಕ್ಕ, ಸ್ಲೈಡ್ ಮಾಡಿದ್ದೆ, ಬಣ್ಣಾನೂ ಹಾಕಿದ್ದೆ. ಅವತ್ತು ಎಪ್ಪತ್ತು ಜನ ಜ್ವರದವ್ರು. ನೋಡಕ್ಕಾಗ್ಲಿಲ್ಲ. ಬೈಯ್ಬೇಡಿ ಅನ್ನಲ್ಲ, ಬೈರಿ." ಪೆಟ್ಟಿಗೆಯಿಂದ ಹುಡುಕಿ ತೆಗೆದುಕೊಟ್ಟ. ಅವನ ಮೈಕ್ರೋಸ್ಕೋಪಿನಲ್ಲೇ ಇಟ್ಟೆ. ಐದು ನಿಮಿಷವೂ ಬೇಕಾಗಲಿಲ್ಲ. ಸೌದೆ ಹೊರೆ ಶುಕ್ರವಾರವೇ ಅಲ್ಲಿತ್ತು. ಅವನು ನೋಡಿರಲಿಲ್ಲ, ನಾನು ಕೇಳಿರಲಿಲ್ಲ.

ಬೈಯಲು ಬಾಯಿ ತೆರೆದವಳು, "ಒಂದ್ ಲೋಟ ಟೀ ತರ್ಸಪ್ಪ" ಎಂದೆ. ಅವನು ಇನ್ನಷ್ಟು ಹೆದರಿದ.

ಸಭೆಗೆ ಏನು ಹೇಳಬೇಕೆಂದು ಮನೆಯಲ್ಲಿ ಬರೆದುಕೊಂಡೆ. ಬಹಳ ಯೋಚಿಸಿ ಒಂದು ವಾಕ್ಯ ಮಾಡಿದ್ದೆ: 'ಮನೆಯವರು ಇದನ್ನು ಡೆಂಗಿ ಎಂದು ತಿಳಿದಿದ್ದರು.' ಸುಳ್ಳಲ್ಲ. ನಾನೂ ಮನೆಯವಳೇ ತಾನೇ. ನನಗಿಂತ ಚಿಕ್ಕವರು ಅಷ್ಟು ಜನ ಕೂತಿರುತ್ತಾರೆ, ಯಾರನ್ನು ಬೈದಿಲ್ಲ ನಾನು! ಅವರ ಮುಂದೆ ನಿಂತು, ಸ್ಲೈಡ್ ಕೇಳದೆ ತೀರ್ಪು ಕೊಟ್ಟವಳು ನಾನೇ ಎಂದು ಹೇಳಿದರೆ ಇಪ್ಪತ್ತೇಳು ವರ್ಷದ ಹೆಸರು ಮಣ್ಣುಪಾಲು. ಆ ವಾಕ್ಯವನ್ನು ಮೂರು ಸಲ ಓದಿಕೊಂಡು ಕಾಗದ ಮಡಚಿ ಪರ್ಸಿಗೆ ಹಾಕಿದೆ.

ಸಭೆಯ ದಿನ ಗುಬ್ಬಿಯಿಂದ ಅಕ್ಕ, ಮಗಳು ಇಬ್ಬರೂ ಬಂದು ಹಿಂದಿನ ಸಾಲಿನಲ್ಲಿ ಕೂತರು. ಮುಂದಿನ ವಾರ ಡ್ಯೂಟಿಗೆ ಸೇರುವವಳು, ಮುಖದಲ್ಲಿ ಕಳೆ ತುಂಬಿತ್ತು. ನನ್ನ ಸರದಿಗೆ ಸ್ವಲ್ಪ ಮುಂಚೆ ಡಾಕ್ಟರು ಅವಳ ಕೇಸ್ ಶೀಟಿನ ಪ್ರತಿಯೊಂದನ್ನು ನನ್ನ ಕೈಗಿತ್ತು, "ದಿನಾಂಕ ಎಲ್ಲಾ ಇದರಲ್ಲಿದೆ ಅಮ್ಮ" ಎಂದರು. ಮೊದಲ ಪುಟ, ಸೇರಿಸಿದ ದಿನ ಅವಳ ಬಾಯಿಂದ ಕೇಳಿ ಅವರು ಬರೆದುಕೊಂಡದ್ದು. ಮೂರನೆಯ ಸಾಲಿನಲ್ಲಿ ನನ್ನ ಕಣ್ಣು ನಿಂತಿತು. ಬಸ್ಸಿನಲ್ಲಿ ಯಾರೋ ಪ್ರಯಾಣಿಕರು ರಿಪೋರ್ಟ್ ನೋಡಿ ಡೆಂಗಿ ಎಂದು ಹೇಳಿದ್ದರಿಂದ ಎರಡು ದಿನ ತಡವಾಯಿತು ಎಂದಿತ್ತು.

ಎದ್ದು ಹೋಗಿ ಅವಳ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. "ಇದೇನೇ ಇದು? ಯಾವ ಪ್ರಯಾಣಿಕ್ರೇ?"

ಕಾಗದ ನೋಡಿದಳು. "ಓ, ಅದಾ."

"ಏನ್ ಓ? ಯಾಕೆ ಹಿಂಗಂದೆ?"

"ಡಾಕ್ಟ್ರು ಯಾರು ಡೆಂಗಿ ಅಂದಿದ್ದು ಅಂತ ಕೇಳಿದ್ರು. ನೀನು ಬಾಗ್ಲಲ್ಲೇ ನಿಂತಿದ್ದೆ, ಗಡಗಡ ನಡುಗ್ತಿದ್ದೆ. ಅವ್ರು ನಿನ್ನ ಫೋಟೋ ಹೊಗಳ್ತಾ ಇದ್ರು. ಅವ್ರ ಮುಂದೆ ನಿನ್ ಹೆಸ್ರು ಹೇಳಕ್ಕಾಗುತ್ತಾ ಚಿಕ್ಕಮ್ಮ?"

"ಬಾಯಲ್ಲಿ ರಕ್ತ ಸುರೀತಿತ್ತಲ್ಲೇ ನಿಂಗೆ! ಸಾಯ್ತಿದ್ದೆ ಕಣೇ!"

"ಅದ್ಕೇ ಅಂದೆ. ನಾನ್ ಸತ್ತೋದ್ರೆ ಆಮೇಲೆ ಅದು ಕಾಗದದಲ್ಲಿ ಹಂಗೇ ಇದ್ಬಿಡುತ್ತೆ. ನೀನು ಕೆಲ್ಸಕ್ಕೆ ಹೋಗ್ಬೇಕಲ್ಲ."

ಈ ಹುಡುಗಿಯ ರಕ್ತವನ್ನು ತೊಟ್ಟು ತೊಟ್ಟಾಗಿ ನೋಡಿದ್ದೇನೆ, ಒಂದೊಂದು ಕಣವನ್ನು ನೋಡಿದ್ದೇನೆ, ಪಾಷಾಣ ಮಾಡಿದ ಪವಾಡವನ್ನೂ ನೋಡಿ ಬೆರಗಾಗಿದ್ದೇನೆ. ಸಾವಿನ ಬಾಯಲ್ಲಿ ಮಲಗಿ, ನನ್ನ ಕೆಲಸದ ಚಿಂತೆ ಮಾಡಿ, ಕರವಸ್ತ್ರ ಸರಿಸಿ ಒಂದು ಸುಳ್ಳು ಹೇಳಿದ್ದಳಲ್ಲ, ಅದರ ಮುಂದೆ ಆ ಬೆರಗೆಲ್ಲ ಚಿಕ್ಕದಾಯಿತು. ಅವಳ ಕೆನ್ನೆಗೆ ಎರಡೂ ಕೈ ಇಟ್ಟೆ. "ಬಿಡು, ಕೂಗ್ತಾವ್ರೆ ನಿನ್ನ, ಹೋಗು" ಎಂದು ನನ್ನನ್ನು ಒಳಕ್ಕೆ ತಳ್ಳಿದಳು.

ವೇದಿಕೆಗೆ ಹತ್ತಿದೆ. ಕುಣಿಗಲ್ಲಿನವನು ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಪರ್ಸಿನಲ್ಲಿದ್ದ ಕಾಗದವನ್ನು ತೆಗೆಯಲಿಲ್ಲ.

"ಸ್ಲೈಡಿಗಿಂತ ಮುಂಚೆ ಒಂದ್ ಮಾತು. ಈ ಕೇಸ್ ಶೀಟಲ್ಲಿ ಒಂದು ಸುಳ್ಳಿದೆ. ಡೆಂಗಿ ಅಂದಿದ್ದು ಬಸ್ಸಲ್ಲಿದ್ದ ಯಾರೋ ಅಲ್ಲ. ನಾನು, ಇವಳ ಚಿಕ್ಕಮ್ಮ. ರೊಟ್ಟಿ ತಟ್ತಾ ಫೋನಲ್ಲಿ ನೋಡಿ ಹೇಳಿದೆ. ಸ್ಲೈಡ್ ಕೇಳ್ಲಿಲ್ಲ."

ಡಾಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತರು. ಹಿಂದಿನ ಸಾಲಿನಿಂದ, ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವಂಥ ದನಿಯಲ್ಲಿ, "ಅಯ್ಯೋ, ಬುಡು ಚಿಕ್ಕಮ್ಮ!" ಎಂದು ಕೇಳಿಸಿತು.

ನಾನು ಬಿಡಲಿಲ್ಲ. ಪೂರ್ತಿ ಹೇಳಿದೆ.